ಕಲಾವಿದರ ಕೂಡು ಸ್ಟುಡಿಯೋ ಬಾಳಿಕೆ ಬರುತ್ತದೆಯೇ?

ಪ್ರಶ್ನೆ: ಮೈಸೂರಿನಲ್ಲಿ ಗ್ರಾಫಿಕ್ಸ್ (ಅಚ್ಚುಚಿತ್ರ ಕಲೆ) ಕಲಿತ ನಾನು ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ವಿನ್ಯಾಸಕನಾಗಿದ್ದೇನೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಎಚ್ಚಿಂಗ್ (ಲೋಹದ ಪ್ಲೇಟಿನಲ್ಲಿ ಆಮ್ಲದಿಂದ ಗೆರೆ ಕೊರೆದು ಕಾಗದಕ್ಕೆ ಅಚ್ಚೊತ್ತುವ ಕೆಲಸ) ಮಾಡಲಾಗುತ್ತಿಲ್ಲ. ನಾಲ್ವರು ಗೆಳೆಯರು ಸೇರಿ ಸ್ಟುಡಿಯೋಕ್ಕೆಂದು ಜಾಗ ಹಿಡಿಯುವ ಆಲೋಚನೆಯಿದೆ. ಇಂಥ ಏರ್ಪಾಡು ಉಳಿಯುತ್ತದೆಯೇ, ಅಥವಾ ಕಲೆಯನ್ನು ಸದ್ಯಕ್ಕೆ ಬದಿಗಿಡುವುದೇ ಸರಿಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ದಯವಿಟ್ಟು ಬದಿಗಿಡಬೇಡಿ. ಅಚ್ಚೊತ್ತುವ ಪ್ರೆಸ್ಸಿನ ಬೆಲೆ ಮತ್ತು ತೂಕ, ಆಮ್ಲದ ಹೊಗೆ ಹೊರಹೋಗಲು ಬೇಕಾದ ಗಾಳಿ, ಧಾರಾಳ ನೀರು ಇವನ್ನೆಲ್ಲ ಒಬ್ಬ ಯುವ ಕಲಾವಿದ ತಾನೇ ಹೊಂದಿಸಿಕೊಳ್ಳುವುದು ಯಾವ ಊರಿನಲ್ಲೂ ಕಷ್ಟ. ಕೇಂದ್ರ ಲಲಿತಕಲಾ ಅಕಾಡೆಮಿ ದೆಹಲಿಯ ಗಢಿಯಲ್ಲಿ 1976ರಲ್ಲಿ ಸಮುದಾಯ ಸ್ಟುಡಿಯೋಗಳನ್ನು ತೆರೆದದ್ದು ಇಂಥ ಅಗತ್ಯಕ್ಕಾಗಿಯೇ.

ಬಾಳಿಕೆಯ ಪ್ರಶ್ನೆಗೆ ಚೆನ್ನೈ ಬಳಿಯ ಚೋಳಮಂಡಲವನ್ನು ನೋಡಬೇಕು. ಚಿತ್ರಕಲಾವಿದ ಕೆ.ಸಿ.ಎಸ್. ಪಣಿಕ್ಕರ್ ಅವರೂ ಅವರ ಶಿಷ್ಯರೂ 1966ರಲ್ಲಿ ಕಟ್ಟಿದ ಆ ಕಲಾಗ್ರಾಮ ಇಂದಿಗೂ ಇದೆ. ಚಿತ್ರಗಳು ಮಾರಾಟವಾಗಲೆಂದು ಕಾಯದೆ ಅವರು ಬಾತಿಕ್ (ಮೇಣ ಬಳಸಿ ಬಣ್ಣ ಹಾಕಿದ ಬಟ್ಟೆ) ಮೊದಲಾದ ಕರಕುಶಲ ವಸ್ತುಗಳನ್ನು ಮಾಡಿ ಮಾರಿದರು. ಆ ಗಳಿಕೆ ನೆಲ ಕೊಳ್ಳುವುದಕ್ಕೂ ಜೀವನಕ್ಕೂ ಆಧಾರವಾಯಿತು. ಬೆಂಗಳೂರಿನ ಶಾಂತಿನಗರದಲ್ಲಿ ಕಲಾವಿದ ಸುರೇಶ್ ಜಯರಾಮ್ ತಮ್ಮ ಮನೆಯನ್ನೇ ಕಲಾವಿದರಿಗೆ ತೆರೆದು ನಡೆಸಿಕೊಂಡು ಬಂದಿರುವ '1, ಶಾಂತಿರೋಡ್' ಕೂಡ ಸ್ವಂತ ನೆಲದ ಬಲದಿಂದಲೇ ನಿಂತಿದೆ. ನಿಮಗೆ ಸ್ವಂತ ನೆಲವಿಲ್ಲದ ಕಾರಣ ಕರಾರನ್ನು ಗಟ್ಟಿಯಾಗಿ ಮಾಡಿಕೊಳ್ಳಬೇಕಾಗುತ್ತದೆ. ಹನ್ನೊಂದು ತಿಂಗಳ ಕರಾರಿಗೆ ಒಪ್ಪಿ ಪ್ರೆಸ್ ಇಳಿಸಬೇಡಿ. ಮೂರು ವರ್ಷಕ್ಕಾದರೂ ಕೇಳಿ, ಅದನ್ನು ನೋಂದಾಯಿಸಿ. ನೆಲಮಹಡಿಯೇ ಇರಲಿ. ಅಡ್ವಾನ್ಸ್ ಹಣದಲ್ಲಿ ಯಾರ ಪಾಲೆಷ್ಟು, ಒಬ್ಬರು ಬಿಟ್ಟು ಹೋದರೆ ಅದು ಯಾವಾಗ ಮರಳಬೇಕು ಎಂಬುದನ್ನು ಗೆಳೆತನ ಚೆನ್ನಾಗಿರುವಾಗಲೇ ಬರೆದಿಡಿ.

ಬಾಡಿಗೆಯನ್ನು ನಿಮ್ಮ ಕೃತಿಗಳ ಮಾರಾಟದಿಂದ ತೆಗೆಯುವ ಲೆಕ್ಕ ಹಾಕಬೇಡಿ, ಅದು ಕೃತಿಯನ್ನೇ ಕೆಡಿಸುತ್ತದೆ. ಸಂಬಳದಿಂದ ಒಂದು ಪಾಲು, ಭಾನುವಾರದ ಕಾರ್ಯಾಗಾರಗಳ ಶುಲ್ಕದಿಂದ ಇನ್ನೊಂದು ಪಾಲು ಎಂದಿಟ್ಟುಕೊಳ್ಳಿ.

ಕೂಡು ಸ್ಟುಡಿಯೋಗಳಲ್ಲಿ ಮನಸ್ತಾಪ ಹುಟ್ಟುವುದು ಬಹುಮಟ್ಟಿಗೆ ಸಣ್ಣ ವಿಷಯಗಳಿಂದ. ಅಚ್ಚೊತ್ತುವಾಗ ಕಾಗದದ ಮೇಲೆ ಹಾಸುವ ಫೆಲ್ಟ್ (ದಪ್ಪ ಉಣ್ಣೆಬಟ್ಟೆ) ಹೊದಿಕೆ ಒದ್ದೆ ಕಾಗದದ ಅಂಟನ್ನು ಹೀರಿಕೊಳ್ಳುತ್ತದೆ, ತೊಳೆಯದೆ ಬಿಟ್ಟರೆ ಬಿರುಸಾಗುತ್ತದೆ. ಮರುದಿನ ಬಂದವರ ಪ್ಲೇಟಿನ ಸೂಕ್ಷ್ಮ ಗೆರೆಗಳು ಕಾಗದಕ್ಕೆ ಸರಿಯಾಗಿ ಇಳಿಯುವುದಿಲ್ಲ, ತಪ್ಪು ಯಾರದೆಂದೂ ತಿಳಿಯುವುದಿಲ್ಲ. ಆದ್ದರಿಂದ ಪ್ರೆಸ್ ಬಳಿ ಒಂದು ಪುಸ್ತಕವಿಟ್ಟು, ಬಳಸಿದವರು ಹೆಸರು, ಸಮಯ ಬರೆದು, ಶುಚಿಗೊಳಿಸಿದ ಮೇಲೆ ಸಹಿ ಹಾಕುವ ಪದ್ಧತಿಯನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ.

ಸಾರ್ವಜನಿಕ ಜಾಗಗಳನ್ನೂ ಮರೆಯಬೇಡಿ. ಬೆಂಗಳೂರಿನ ಸರ್ಕಾರಿ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಸರ್ಕಾರದ ಯೋಜನೆಯನ್ನು 2016ರಲ್ಲಿ ನಗರದ ಕಲಾವಿದರು ಒಟ್ಟಾಗಿ ವಿರೋಧಿಸಿದರು. ಪ್ರದರ್ಶನಕ್ಕೆ ಅಂಥ ಗ್ಯಾಲರಿಗಳು ಎಲ್ಲರಿಗೂ ಎಟುಕುವಂತೆ ಉಳಿದರೆ, ನಿಮ್ಮಂಥವರು ಕೂಡಿಟ್ಟ ಹಣ ಸ್ಟುಡಿಯೋಕ್ಕೇ ಸಲ್ಲುತ್ತದೆ.

ಪ್ರಶ್ನೆ: ನಮ್ಮ ಹವ್ಯಾಸಿ ನಾಟಕ ತಂಡಕ್ಕೆ ತಾಲೀಮಿನ ಜಾಗದ ಬಾಡಿಗೆಯೇ ಭಾರವಾಗಿದೆ. ಏನು ಮಾಡಬಹುದು?
– ಓದುಗರೊಬ್ಬರು, ಜೆ.ಪಿ. ನಗರ

ಉತ್ತರ: ನಿಮ್ಮ ಬಡಾವಣೆಯ ಶಾಲೆಯನ್ನು ಕೇಳಿ ನೋಡಿ. ಸಂಜೆ ಖಾಲಿ ಬೀಳುವ ಸಭಾಂಗಣಕ್ಕೆ ಬದಲಾಗಿ ವಾರಕ್ಕೊಮ್ಮೆ ಮಕ್ಕಳಿಗೆ ನಾಟಕ ಕಲಿಸುವುದಾಗಿ ಹೇಳಿ, ವಿದ್ಯುತ್ ಬಿಲ್ ಮತ್ತು ಕಾವಲುಗಾರರ ಹೆಚ್ಚುವರಿ ದುಡಿಮೆಯ ಹಣವನ್ನು ನೀವೇ ಕೊಡಿ. ಇನ್ನೊಂದು ತಂಡವನ್ನು ಜೊತೆಗೆ ಸೇರಿಸಿಕೊಂಡು ದಿನಗಳನ್ನು ಹಂಚಿಕೊಂಡರೆ ಆ ಖರ್ಚೂ ಅರ್ಧವಾಗುತ್ತದೆ.