ದೋಟಿಗೆ ಅಡ್ವಾನ್ಸ್ ಹಾಕಿದೆ, ಈಗ ಫೋನ್ ಸ್ವಿಚ್ ಆಫ್

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲದ ಹತ್ತಿರದ ಅಡಿಕೆ ಕೃಷಿಕ. ಮದ್ದು ಬಿಡಲು ಆಳು ಸಿಗುತ್ತಿಲ್ಲ. ನೆಲದಲ್ಲೇ ನಿಂತು ಮದ್ದು ಬಿಡುವ ಉದ್ದದ ಕೋಲು, ಅಂದರೆ ಕಾರ್ಬನ್ ಫೈಬರ್ ದೋಟಿ, ಅರ್ಧ ಬೆಲೆಗೆ ಎಂದು ಫೇಸ್‌ಬುಕ್‌ನಲ್ಲಿ ನೋಡಿ ವಾಟ್ಸಾಪ್ ಮಾಡಿದೆ. ಬಿಲ್ ಕಳಿಸಿದರು. 5,000 ರೂಪಾಯಿ ಅಡ್ವಾನ್ಸ್ ಹಾಕಿದೆ. ಮರುದಿನ ಲಾರಿ ಬಾಡಿಗೆ ಎಂದು 3,500, ಆಮೇಲೆ ‘ವಾಪಸ್ ಬರುತ್ತದೆ’ ಎಂದು ಜಿಎಸ್‌ಟಿಗೆ 4,200 ತೆಗೆದುಕೊಂಡರು. ನಿನ್ನೆಯಿಂದ ಫೋನ್ ಸ್ವಿಚ್ ಆಫ್. ಮನೆಯಲ್ಲಿ ಮಗನಿಗೂ ಹೇಳಿಲ್ಲ. ಹಣ ಸಿಗಬಹುದೇ? ದೂರು ಮಲಯಾಳದಲ್ಲೇ ಬರೆಯಬೇಕೇ? ಬಿಲ್ಲಿನ ಫೋಟೋ ಜೊತೆಗಿದೆ.

ಉತ್ತರ: ಇದನ್ನು ಓದುತ್ತಿರುವಾಗಲೂ ನೀವು 1930ಕ್ಕೆ ಫೋನ್ ಮಾಡಿಲ್ಲ ಎಂದಾದರೆ ಮೊದಲು ಆ ಕೆಲಸ ಮುಗಿಸಿ. ಅದು ಸೈಬರ್ ವಂಚನೆಯ ದೂರಿಗೆ ಇರುವ ನಂಬರ್. ನೀವು ಹಾಕಿದ ಹಣ ಯಾವ ಖಾತೆಗೆ ಹೋಯಿತೋ ಅಲ್ಲೇ ಇದ್ದರೆ ಬ್ಯಾಂಕ್ ಅದನ್ನು ತಡೆ ಹಿಡಿಯಬಹುದು. ಕಳ್ಳರಿಗೂ ಅದು ಗೊತ್ತು. ಹಾಗಾಗಿ ಬಂದ ಹಣವನ್ನು ಬೇಗ ಬೇಗ ಬೇರೆ ಬೇರೆ ಖಾತೆಗೆ ದಾಟಿಸುತ್ತಾರೆ. ಮೊದಲ ಒಂದೆರಡು ಗಂಟೆಗೆ ಅಷ್ಟು ಬೆಲೆ ಇರುವುದು ಇದಕ್ಕೇ. ನಿಮ್ಮ ವಿಷಯದಲ್ಲಿ ಆ ಹೊತ್ತು ದಾಟಿದೆ, ಆದರೂ ದೂರು ಕೊಡಿ. ಅದೇ ಖಾತೆಗೆ ಇನ್ನೂ ಹತ್ತು ಕೃಷಿಕರು ಹಣ ಹಾಕುತ್ತಿರಬಹುದು, ಅಲ್ವಾ?

ಫೋನ್ ಮಾಡುವ ಮೊದಲು ಪೇಮೆಂಟ್ ಆ್ಯಪ್ ತೆರೆದು ಮೂರೂ ಪಾವತಿಗಳ ಯುಟಿಆರ್ ನಂಬರ್ (ಪ್ರತಿ ಪಾವತಿಗೂ ಇರುವ ಗುರುತಿನ ಸಂಖ್ಯೆ) ಬರೆದುಕೊಳ್ಳಿ, 12 ಅಂಕಿ ಇರುತ್ತದೆ. ವಾಟ್ಸಾಪ್ ಮಾತುಕತೆ ಅಳಿಸಬೇಡಿ. ಸಿಟ್ಟಿನಲ್ಲಿ ಬ್ಲಾಕ್ ಮಾಡುವ ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ನಂತರ ನಿಮ್ಮ ಬ್ಯಾಂಕಿಗೆ ತಿಳಿಸಿ, ಠಾಣೆಗೆ ಹೋಗಿ. ಭಾಷೆಯ ಬಗ್ಗೆ ಹೆದರಬೇಡಿ. ಕಾಸರಗೋಡಿನ ಕನ್ನಡಿಗರು ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಿಂದಲೇ ಬಂದ ಹಕ್ಕು ಅದು.

ಹಣ ಸಿಗುತ್ತದೆಯೇ ಎಂದರೆ, ಖಂಡಿತ ಸಿಗುತ್ತದೆ ಎಂದು ಸುಮ್ನೆ ಆಸೆ ಹುಟ್ಟಿಸಲಾರೆ. ನೀವೇ ಪಿನ್ ಒತ್ತಿ ಕಳಿಸಿದ ಹಣವಾದ್ದರಿಂದ ಬ್ಯಾಂಕ್ ಸಾಮಾನ್ಯವಾಗಿ ತನ್ನ ಕೈಯಿಂದ ತುಂಬಿಕೊಡುವುದಿಲ್ಲ. ಆ ಕಡೆ ಖಾತೆಯಲ್ಲಿ ತಡೆ ಹಿಡಿದದ್ದು ಎಷ್ಟೋ ಅಷ್ಟೇ ಆಸೆ. ಅದಕ್ಕೂ ಕೋರ್ಟಿನ ಆದೇಶ ಬೇಕಾಗಬಹುದು.

ಇನ್ನು ಆ ಬಿಲ್. ಅಂಗಡಿಯ ವಿಳಾಸ ಪುತ್ತೂರು ಎಂದಿದೆ. ಜಿಎಸ್‌ಟಿ ನಂಬರ್ ನೋಡಿ, 07ರಿಂದ ಶುರುವಾಗುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29, ಕೇರಳಕ್ಕೆ 32. 07 ಎಂದರೆ ದೆಹಲಿ. ಪುತ್ತೂರಿನ ಅಂಗಡಿಯ ಬಿಲ್ಲಿಗೆ ದೆಹಲಿಯ ನಂಬರ್ ಯಾಕೆ ಬರಬೇಕು? 15 ಅಕ್ಷರದ ಆ ನಂಬರನ್ನು ಜಿಎಸ್‌ಟಿ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ಯಾರು ಬೇಕಾದರೂ ನೋಡಬಹುದು, ಲಾಗಿನ್ ಬೇಡ. ಅಲ್ಲಿ ಬೇರೆಯವರ ಹೆಸರು ಬಂದರೆ ವ್ಯಾಪಾರ ಅಲ್ಲಿಗೇ ನಿಲ್ಲಿಸಬೇಕು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಅಂಗಡಿಯ ಹೆಸರಿನ ಬದಲು ಗುರುತೇ ಇಲ್ಲದ ಒಬ್ಬ ವ್ಯಕ್ತಿಯ ಹೆಸರು ಬಂದರೂ ಅಷ್ಟೇ. ಮತ್ತೆ, ಜಿಎಸ್‌ಟಿ ಬಿಲ್ಲಿನ ಮೊತ್ತದಲ್ಲೇ ಸೇರಿರುತ್ತದೆ. ಬೇರೆಯಾಗಿ ಕಟ್ಟಿಸಿಕೊಂಡು ಆಮೇಲೆ ಹಿಂದೆ ಕೊಡುವ ಪದ್ಧತಿ ಇಲ್ಲ.

ದೋಟಿಯಂಥ ವಸ್ತುವನ್ನು ಕೈಯಲ್ಲಿ ಹಿಡಿದು, ಎತ್ತಿ, ಬಿಡಿಸಿ ನೋಡದೆ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಎಷ್ಟು ದೂರ ನಿಲ್ಲಬೇಕು ಎಂದು ಎದುರು ನಿಂತು ಹೇಳಿಕೊಡುವ ಅಂಗಡಿಯವನೇ ಬೇಕು.

ಇನ್ನೊಂದು ಎಚ್ಚರಿಕೆ. ಕೆಲವು ದಿನ ಬಿಟ್ಟು ನಿಮಗೆ ಮತ್ತೆ ಫೋನ್ ಬರಬಹುದು. ‘ಸೈಬರ್ ಸೆಲ್‌ನಿಂದ ಮಾತಾಡುವುದು, ನಿಮ್ಮ ಹಣ ಸಿಕ್ಕಿದೆ, ಸಣ್ಣ ಶುಲ್ಕ ಕಟ್ಟಿ’ ಎನ್ನುತ್ತಾರೆ. ಒಮ್ಮೆ ಮೋಸ ಹೋದವರ ನಂಬರ್ ಅವರ ಕೈಯಲ್ಲಿರುತ್ತದೆ. ಪೊಲೀಸರು ಹಣ ಕೇಳುವುದಿಲ್ಲ.

ಇವತ್ತೇ ಮಗನಿಗೆ ಹೇಳಿ. ನಾಚಿಕೆ ಪಡಬೇಕಾದವನು ಮೋಸ ಮಾಡಿದವನು. ನೀವು ಸುಮ್ಮನಿದ್ದಷ್ಟೂ ಅವನಿಗೆ ಸಮಯ ಜಾಸ್ತಿ ಸಿಗುತ್ತದೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಚೂಡಿದಾರ್ ಹರಿದಿತ್ತು. ಗೂಗಲ್‌ನಲ್ಲಿ ಹುಡುಕಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, ಹಣ ವಾಪಸ್ ಹಾಕಲು ಒಂದು ಆ್ಯಪ್ ಇಳಿಸಿಕೊಳ್ಳಿ ಎಂದರು. ಅನುಮಾನ ಬಂದು ಫೋನ್ ಇಟ್ಟೆ. ಈಗ ಏನು ಮಾಡಲಿ? (ಮಂಜೇಶ್ವರದ ಓದುಗರು)

ಉತ್ತರ: ಫೋನ್ ಇಟ್ಟದ್ದೇ ಒಳ್ಳೆಯದಾಯಿತು. ನಿಮ್ಮ ಮೊಬೈಲ್ ಪರದೆಯನ್ನು ಅವರು ಅಲ್ಲಿಂದಲೇ ನೋಡುವ ಆ್ಯಪ್ ಅದು. ಒಟಿಪಿ ಬಂದರೆ ಅವರಿಗೂ ಕಾಣುತ್ತದೆ. ಗೂಗಲ್‌ನಲ್ಲಿ ಸಿಗುವ ನಂಬರ್ ಕಂಪನಿಯದ್ದೇ ಎಂದು ನಂಬಬೇಡಿ. ನೀವು ಆರ್ಡರ್ ಮಾಡಿದ ಆ್ಯಪ್ ಒಳಗೇ ‘ಹೆಲ್ಪ್’ ಇರುತ್ತದೆ, ಅಲ್ಲಿಂದಲೇ ರಿಟರ್ನ್ ಹಾಕಿ. ಹಣ ವಾಪಸ್ ಬರಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ, ಪಿನ್ ಇರುವುದು ಹಣ ಕಳಿಸಲು.

ಕಂಪನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ. ಅಲ್ಲೂ ಆಗದಿದ್ದರೆ ಗ್ರಾಹಕ ಆಯೋಗ. ಕಂಪನಿ ಬೆಂಗಳೂರಲ್ಲಿರಲಿ, ದೆಹಲಿಯಲ್ಲಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಕಾಸರಗೋಡು ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ಚೂಡಿದಾರ್ ತೊಳೆಯಬೇಡಿ, ಟ್ಯಾಗ್ ಕೀಳಬೇಡಿ, ಹರಿದ ಜಾಗದ ಫೋಟೋ ತೆಗೆದಿಡಿ.