20 ನಿಮಿಷ ಓಡಿ ನಿಲ್ಲುವ ಟ್ರ್ಯಾಕ್ಟರ್

ಪ್ರಶ್ನೆ: ತೋಟಕ್ಕೆ ಗೊಬ್ಬರ, ಸೊಪ್ಪು ಸಾಗಿಸುವ ಸಣ್ಣ ಟ್ರ್ಯಾಕ್ಟರ್ ನಮ್ಮದು. ಮಳೆಗಾಲ ಇಡೀ ಶೆಡ್ಡಿನಲ್ಲೇ ಇತ್ತು. ಈಗ ಸ್ಟಾರ್ಟ್ ಚೆನ್ನಾಗಿಯೇ ಆಗುತ್ತದೆ, ಆದರೆ 20 ನಿಮಿಷ ಓಡಿದ ಮೇಲೆ ಎಳೆಯದೆ ನಿಂತುಬಿಡುತ್ತದೆ. 10 ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್! ಫಿಲ್ಟರ್ ಹೊಸತು ಹಾಕಿದೆ. ಮೆಕ್ಯಾನಿಕ್ ಡೀಸೆಲ್ ಪಂಪ್ ಬಿಚ್ಚಬೇಕು ಅನ್ನುತ್ತಾರೆ. ಬಿಚ್ಚಿಸಲೇ?
— ಅಡಿಕೆ ಕೃಷಿಕ, ಬದಿಯಡ್ಕ

ಉತ್ತರ: ಸದ್ಯಕ್ಕೆ ಬೇಡ ಮಾರಾಯ್ರೇ. ಪಂಪ್ ಹಾಳಾಗಿದ್ದರೆ ಹೀಗೆ 10 ನಿಮಿಷ ಸುಮ್ನೆ ನಿಲ್ಲಿಸಿದ್ದಕ್ಕೆ ಸರಿಯಾಗುವುದು ಕಡಿಮೆ. ಟ್ಯಾಂಕಿನಿಂದ ಡೀಸೆಲ್ ಸಾಕಷ್ಟು ಇಳಿಯುತ್ತಿಲ್ಲ ಅಂತಲೇ ನನ್ನ ಅನುಮಾನ.

ಮೊದಲು ಮುಚ್ಚಳ ನೋಡಿ. ಅದರಲ್ಲಿ ಗಾಳಿ ಹೋಗಲು ಸಣ್ಣ ತೂತು ಇರುತ್ತದೆ, ನಮ್ಮ ಕಡೆ ಮಳೆಗಾಲದಲ್ಲಿ ನಿಲ್ಲಿಸಿದ ಗಾಡಿಯ ತೂತಿಗೆ ಕಣಜ ಮಣ್ಣು ಮೆತ್ತುವುದು ಹೊಸತೇನಲ್ಲ ಅಲ್ವಾ? ತೂತು ಮುಚ್ಚಿದರೆ ಡೀಸೆಲ್ ಖಾಲಿಯಾದ ಜಾಗಕ್ಕೆ ಗಾಳಿ ಬರುವುದಿಲ್ಲ, ಒಳಗೆ ಎಳೆತ ಕಟ್ಟಿಕೊಂಡು ಡೀಸೆಲ್ ಇಳಿಯುವುದೇ ನಿಲ್ಲುತ್ತದೆ. ಇಂಜಿನ್ ನಿಂತ ಕೂಡಲೇ ಮುಚ್ಚಳ ಸಡಿಲಿಸಿ. ಸುಯ್ ಅಂತ ಸದ್ದು ಬಂದರೆ ಕಳ್ಳ ಸಿಕ್ಕಿದ. ತಂತಿಯಲ್ಲಿ ತೂತು ಬಿಡಿಸಿದರೆ ಆಯ್ತು.

ಸದ್ದು ಬರಲಿಲ್ಲವೇ? ರಾತ್ರಿ ಅಲುಗಾಡಿಸದೆ ನಿಲ್ಲಿಸಿ, ಬೆಳಿಗ್ಗೆ ಟ್ಯಾಂಕಿನ ಅಡಿಯಿಂದ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಇಳಿಸಿ. ನೀರು ಭಾರ, ಅಡಿಯಲ್ಲಿ ಬೇರೆಯಾಗಿ ಕಾಣುತ್ತದೆ. ಅರ್ಧ ಟ್ಯಾಂಕ್ ಇಟ್ಟು ಮಳೆಗಾಲ ಕಳೆದರೆ ಒಳಗಿನ ತೇವದ ಗಾಳಿ ತಣಿದು ನೀರಾಗಿ ಇಳಿದಿರುತ್ತದೆ. ಆ ನೀರಿನಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ, ಅದು ಪೈಪಿನ ಬಾಯಿಗೆ ಬಂದು ಕೂತರೂ ನೀವು ಹೇಳಿದ ಹಾಗೆಯೇ ಆಗುತ್ತದೆ. ಇಂಜಿನ್ ನಿಂತಾಗ ಲೋಳೆ ಸರಿದು ದಾರಿ ಬಿಡುತ್ತದೆ. ಹಾಗಿದ್ದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಡೀಸೆಲಿನಲ್ಲೇ ತೊಳೆಯಿರಿ, ನೀರು ಹಾಕಬೇಡಿ. ಫಿಲ್ಟರ್ ಹೊಸತಾದರೂ ಮತ್ತೆ ಬದಲಿಸಬೇಕಾದೀತು. ಕ್ಯಾನಿನಿಂದ ಬಟ್ಟೆಯಲ್ಲಿ ಸೋಸಿ ಹಾಕುತ್ತೇವೆ ಅನ್ನುವವರು ಜಾಸ್ತಿ, ಬಟ್ಟೆ ಕಸ ಹಿಡಿದೀತು, ನೀರನ್ನು ನಂಬುವ ಹಾಗೆ ಹಿಡಿಯುವುದಿಲ್ಲ.

ಪೈಪ್ ಬಿಚ್ಚಿದ ಮೇಲೆ ಏರ್, ಅಂದರೆ ಒಳಗೆ ಸೇರಿದ ಗಾಳಿ, ತೆಗೆಯಲೇಬೇಕು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪ್ ಇದ್ದರೆ ಒತ್ತುತ್ತಾ ಇರಿ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ. ತಾಮ್ರದ ವಾಷರ್ ಹಳೆಯದಾಗಿದ್ದರೆ ಬದಲಿಸಿ, ಅಲ್ಲಿಂದಲೂ ಗಾಳಿ ಎಳೆಯುತ್ತದೆ. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲಿನ ಪೈಪಿನ ಸೋರಿಕೆಯನ್ನು ಮಾತ್ರ ಬೆರಳಿಟ್ಟು ನೋಡಲೇಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ, ಆಮೇಲೆ ಆಸ್ಪತ್ರೆಗೇ ಓಡಬೇಕು.

ಇಷ್ಟು ಮಾಡಿದ ಮೇಲೂ ನಿಂತರೆ ಪಂಪ್ ಬಿಚ್ಚಿಸಿ, ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ.