ಹಣ ಮುಖ್ಯವಲ್ಲ ಎಂದಿರಿ, ಹಾಗಾದರೆ ಲೆಕ್ಕ ಕೊಡಿ

ಆತ್ಮೀಯ ಲೇಖಕಿಯವರಿಗೆ,

ನಮಸ್ಕಾರ. ‘ರಾಜೀನಾಮೆಯಿಂದ ಮೆಕಾಂಗ್‌ವರೆಗೆ’ ಎಂಬ ನಿಮ್ಮ ಪ್ರವಾಸ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ‘ಸ್ಥಳಾಭಾವದಿಂದ’ ಎಂಬ ಸಿದ್ಧ ಉತ್ತರ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಹಸ್ತಪ್ರತಿಯ ಸಂದಿಗೊಂದಿಗಳಲ್ಲಿ ಇನ್ನೊಂದು ಲೇಖನ ಇಣುಕುತ್ತಿದೆ, ಅದು ನನಗೆ ಬೇಕು. ಕೆಲಸ ಬಿಟ್ಟು ದೇಶ ಸುತ್ತಿದವರ ಬರಹಗಳು ಈಚೆಗೆ ಮೇಜಿನ ಮೇಲೆ ರಾಶಿ ಬೀಳುತ್ತಿವೆ. ಹಾಗಾಗಿ ನೀವು ಒಪ್ಪಿದ ಮೇಲೆ, ಹೆಸರು ಬಿಟ್ಟು, ಈ ಪತ್ರವನ್ನು ಉಳಿದವರೂ ಓದಲೆಂದು ಅಚ್ಚು ಹಾಕುತ್ತಿದ್ದೇವೆ.

ಓದುಗರಿಗಾಗಿ ಎರಡು ಮಾತು: ಗೋಕರ್ಣದ ಸಮೀಪದ ಊರಿನ ಈ ಲೇಖಕಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು. ಅದನ್ನು ಬಿಟ್ಟು, ಬೆನ್ನಿಗೊಂದು ಚೀಲ ಏರಿಸಿ, ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾಗಳನ್ನು ಒಬ್ಬರೇ ಸುತ್ತಿ ಬಂದಿದ್ದಾರೆ.

ಮೊದಲ ನಾಲ್ಕು ಪುಟ ರಾಜೀನಾಮೆಗೇ ಹೋಗಿವೆ. ಹೊರವರ್ತುಲ ರಸ್ತೆಯ ವಾಹನ ದಟ್ಟಣೆ, ರಾತ್ರಿ ಹನ್ನೊಂದರ ಮೀಟಿಂಗ್, ಮುಖ ಗಂಟಿಕ್ಕಿದ ಮ್ಯಾನೇಜರ್. ಬೆಂಗಳೂರಿನ ಓದುಗರಿಗೆ ಇದು ದಿನನಿತ್ಯದ್ದು, ಬೇರೆಯವರಿಗೆ ಕೇಳಿ ಕೇಳಿ ಸವೆದದ್ದು. ಮ್ಯಾನೇಜರ್ ಪಾತ್ರವಂತೂ ರಂಗಕ್ಕೆ ಬಂದ ಕೂಡಲೇ ಖಳನೆಂದು ಗೊತ್ತಾಗುವ ಹಾಗಿದೆ. ಆ ಪುಟಗಳನ್ನು ಪೂರ್ತಿ ತೆಗೆಯಿರಿ. ನೋಟಿಸ್ ಅವಧಿಯ ಮೂರು ತಿಂಗಳನ್ನು ಮಾತ್ರ ‘ಹೇಗೋ ಕಳೆದವು’ ಎಂದು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಕೊನೆಯ ದಿನ ಲ್ಯಾಪ್‌ಟಾಪ್ ಒಪ್ಪಿಸಿ ಗುರುತಿನ ಚೀಟಿ ಕಳಚಿ ಹೊರಗೆ ಬಂದವರಿಗೆ, ಕಂಪನಿಯ ಆರೋಗ್ಯ ವಿಮೆಯೂ ಅದರ ಜೊತೆಗೇ ಕಳಚಿತೆಂಬುದು ಯಾವಾಗ ಹೊಳೆಯುತ್ತದೆ? ಆ ವಿಮೆಯಲ್ಲಿ ಅಪ್ಪ ಅಮ್ಮನ ಹೆಸರೂ ಇದ್ದಿದ್ದರೆ? ಕೆಲಸ ಬಿಡುವುದೆಂದರೆ ಏನೇನು ಬಿಡುವುದು ಎಂಬುದು ಇಂಥ ಕಡೆ ಕಾಣುತ್ತದೆ. ಮ್ಯಾನೇಜರ್‌ನ ಹುಬ್ಬಿನಲ್ಲಿ ಏನೂ ಕಾಣುವುದಿಲ್ಲ.

ಇನ್ನು ಐದನೇ ಪುಟದ ಘೋಷಣೆ: ‘ಪ್ರಯಾಣಕ್ಕೆ ಹಣ ಮುಖ್ಯವಲ್ಲ, ಧೈರ್ಯ ಮುಖ್ಯ.’ ಇದನ್ನು ಓದಿದಾಗ ಪೆನ್ನು ಕೆಳಗಿಟ್ಟೆ. ಹೀಗೆ ಬರೆಯುವವರ ಖಾತೆಯಲ್ಲಿ ಸಾಮಾನ್ಯವಾಗಿ ಹಣ ಇರುತ್ತದೆ. ನಮ್ಮ ಓದುಗರಲ್ಲಿ ಅತಿಥಿ ಉಪನ್ಯಾಸಕರಿದ್ದಾರೆ, ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ, ತಿಂಗಳ ಕೊನೆಯ ವಾರವನ್ನು ಎಣಿಸಿ ದಾಟುವವರಿದ್ದಾರೆ. ಅವರ ಧೈರ್ಯಕ್ಕೆ ಏನು ಕಡಿಮೆಯಾಗಿದೆ? ನಿಮ್ಮ ಹಣ ಎಲ್ಲಿಂದ ಬಂತು, ಭವಿಷ್ಯನಿಧಿಗೆ ಕೈ ಹಾಕಿದಿರಾ, ಬೆಂಗಳೂರಿನ ಬಾಡಿಗೆ ಮನೆಯ ಸಾಮಾನು ಎಲ್ಲಿ ಇಟ್ಟಿರಿ, ಸಾಲದ ಕಂತು ಏನಾದರೂ ಇತ್ತೇ? ಇವನ್ನು ಬರೆಯಲು ಸಂಕೋಚಪಡಬೇಡಿ. ಹಣದ ಬಗ್ಗೆ ನಿಮ್ಮಲ್ಲಿ ಒಳ್ಳೆಯ ವಿವರವೇ ಇದೆ, ಅದನ್ನು ಅಡಿಟಿಪ್ಪಣಿಗೆ ದೂಡಿದ್ದೀರಿ: ಕಾಂಬೋಡಿಯಾದಲ್ಲಿ ವ್ಯವಹಾರ ಡಾಲರಿನಲ್ಲಿ, ಚಿಲ್ಲರೆ ಮಾತ್ರ ರಿಯೆಲ್‌ನಲ್ಲಿ, ಅಂಚು ತುಸು ಹರಿದಿದ್ದರೂ ಡಾಲರ್ ನೋಟನ್ನು ಅಂಗಡಿಯವರು ಮುಟ್ಟುವುದಿಲ್ಲ. ಅಂಥದೊಂದು ಹರಿದ ನೋಟನ್ನು ಹಿಡಿದು ನೀವು ಸಿಯೆಂ ರೀಪ್‌ನ ಸಂತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದಿದ್ದೀರಿ. ಹಣ ಮುಖ್ಯವಲ್ಲ ಎಂದು ಬರೆದ ಕೈ ಅದೇ ತಾನೆ?

ಮುಂದಿನ ಮಾತು ಸ್ವಲ್ಪ ಖಾರ. ‘ಯಾವ ಯೋಜನೆಯೂ ಇಲ್ಲದೆ ಗಾಳಿ ಬೀಸಿದತ್ತ ಹೊರಟೆ’ ಎಂದು ಬರೆದಿದ್ದೀರಿ. ಇದು ನಿಜವಿರಲಾರದು. ನಿಮ್ಮದು ಭಾರತದ ಪಾಸ್‌ಪೋರ್ಟ್. ವಿಯೆಟ್ನಾಂಗೆ ನಮಗೆ ಇ-ವೀಸಾ ಬೇಕು, ಯಾವ ಗಡಿ ಠಾಣೆಯಿಂದ ಒಳಗೆ ಬರುತ್ತೀರಿ ಎಂಬುದನ್ನು ಅರ್ಜಿಯಲ್ಲೇ ನಮೂದಿಸಬೇಕು. ಗಾಳಿಗೆ ಅಂಥ ಅರ್ಜಿ ತುಂಬಲು ಬರುವುದಿಲ್ಲ. ನಿಮ್ಮ ಜೊತೆ ಮೆಕಾಂಗ್ ನದಿಯ ದೋಣಿಯಲ್ಲಿದ್ದ ಜರ್ಮನ್ ಹುಡುಗ ಹಾಗೆ ಬರೆದರೆ ಒಂದಿಷ್ಟು ಒಪ್ಪಬಹುದು. 2023ರ ಆಗಸ್ಟ್‌ನಿಂದ ಅವನ ದೇಶದವರು ವೀಸಾ ಇಲ್ಲದೆಯೇ ವಿಯೆಟ್ನಾಂನಲ್ಲಿ 45 ದಿನ ಇರಬಹುದು. ಥಾಯ್ಲೆಂಡ್ ನಮ್ಮವರಿಗೆ ವೀಸಾ ಇಲ್ಲದೆ ಬಾಗಿಲು ತೆರೆದದ್ದೇ 2023ರ ನವೆಂಬರ್‌ನಲ್ಲಿ. ಅಲ್ಲಿಯೂ ಖರ್ಚಿಗೆ ಹಣ ಇದೆಯೇ, ವಾಪಸು ಟಿಕೆಟ್ ಎಲ್ಲಿ ಎಂದು ಕೌಂಟರಿನಲ್ಲಿ ಕೇಳಿದರೆ ತೋರಿಸಬೇಕು. ಥಾಯ್ಲೆಂಡಿನ ಚಿಯಾಂಗ್ ಖೋಂಗ್‌ನಿಂದ ಮೆಕಾಂಗ್ ಸೇತುವೆ ದಾಟಿ ಲಾವೋಸ್‌ನ ಹ್ವೇ ಸಾಯ್ ಸೇರಿದ್ದನ್ನು ನೀವು ‘ಗಡಿ ದಾಟಿದೆ’ ಎಂದು ಮುಗಿಸಿದ್ದೀರಿ. ಆ ಕೌಂಟರಿನ ಮುಂದೆ ಎಷ್ಟು ಹೊತ್ತು ನಿಂತಿರಿ, ನಿಮ್ಮ ಪುಟಗಳನ್ನು ಎಷ್ಟು ಸಲ ತಿರುವಿ ಹಾಕಿದರು, ಒಬ್ಬಳೇ ಬಂದಿದ್ದೀಯಾ ಎಂದು ಕೇಳಿದರೇ, ಪಕ್ಕದ ಸಾಲು ನಿಮ್ಮ ಸಾಲಿಗಿಂತ ಬೇಗ ಸರಿಯಿತೇ? ಈ ಎರಡು ಪದಗಳನ್ನು ಎರಡು ಪುಟ ಮಾಡಿ.

ಬೆನ್ನಿಗೆ ಚೀಲ ಹಾಕಿ ತಿಂಗಳುಗಟ್ಟಲೆ ಅಲೆಯುವ ಈ ಕಥೆಯ ಅಚ್ಚು ಪಶ್ಚಿಮದ ತರುಣರದು. ಅರವತ್ತು ಎಪ್ಪತ್ತರ ದಶಕಗಳಲ್ಲಿ ಅವರು ಇಸ್ತಾಂಬುಲ್, ಟೆಹರಾನ್, ಕಾಬೂಲ್ ದಾರಿಯಾಗಿ ಬಸ್ಸು ವ್ಯಾನುಗಳಲ್ಲಿ ಭಾರತಕ್ಕೆ ಬರುತ್ತಿದ್ದರು. 1979ರಲ್ಲಿ ಇರಾನಿನ ಕ್ರಾಂತಿಯೂ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯವೂ ಬಂದು ಆ ದಾರಿ ಮುಚ್ಚಿತು. ಹಾಗೆ ಬಂದವರು ಗೋವಾ ಸೇರಿದರು, ಗೋವಾದಲ್ಲಿ ಜನ ಹೆಚ್ಚಾದಾಗ ಅವರ ದಾರಿ ಹಿಡಿದವರು ನಿಮ್ಮ ಗೋಕರ್ಣಕ್ಕೂ ಇಳಿದರು. ಈ ಕಥೆಯನ್ನು ನೀವು ಅವರಿಗಿಂತ ಚೆನ್ನಾಗಿ ಬಲ್ಲವರು, ಏಕೆಂದರೆ ನೋಡುತ್ತ ನಿಂತದ್ದು ನಿಮ್ಮ ಕಡೆಯವರು. ಆರನೇ ಪುಟದಲ್ಲಿ ಒಂದು ವಾಕ್ಯವಿದೆ: ‘ಚಿಕ್ಕಮ್ಮನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ವಿದೇಶಿಯರು ಬಾಡಿಗೆಗೆ ಇರುತ್ತಿದ್ದರು, ಅವರ ಚೀಲ ಎತ್ತಿ ನೋಡುವುದು ನಮಗೆ ಆಟ.’ ಇಷ್ಟು ಹೇಳಿ ಬ್ಯಾಂಕಾಕ್‌ಗೆ ಹಾರಿದ್ದೀರಿ! ಆ ಚೀಲ ಎತ್ತಲು ಬರುತ್ತಿತ್ತೇ? ಅವರ ಬಗ್ಗೆ ಚಿಕ್ಕಮ್ಮ ಅಡುಗೆಮನೆಯಲ್ಲಿ ಏನೆನ್ನುತ್ತಿದ್ದರು? ಕೋಣೆಯ ಬಾಡಿಗೆಯಲ್ಲಿ ಹತ್ತು ರೂಪಾಯಿ ಇಳಿಸಲು ಆ ವಿದೇಶಿಯರು ಅರ್ಧ ಗಂಟೆ ವಾದಿಸಿದ್ದು ನಿಮಗೆ ನೆನಪಿಲ್ಲವೇ? ಕೆಲವು ಪುಟಗಳಾಚೆ ಲಾವೋಸ್‌ನ ಲುವಾಂಗ್ ಪ್ರಬಾಂಗ್‌ನಲ್ಲಿ ಕೋಣೆ ಬಾಡಿಗೆಗೆ ಕೊಡುವ ಹೆಂಗಸಿನೊಂದಿಗೆ ನೀವೇ ಚೌಕಾಸಿ ಮಾಡಿ ‘ಗೆದ್ದೆ’ ಎಂದು ಬೀಗಿದ್ದೀರಿ. ಈ ಎರಡನ್ನೂ ಒಟ್ಟಿಗೆ ನೋಡಿದ ಬರಹಗಾರರು ಕನ್ನಡದಲ್ಲಿ ಹೆಚ್ಚು ಜನ ಇರಲಾರರು. ಲೇಖನದ ಬೆನ್ನೆಲುಬು ಇದೇ ಆಗಬೇಕೆಂದು ನನ್ನ ಹಟ.

ದೋಣಿಯ ಭಾಗ ಚೆನ್ನಾಗಿದೆ. ಹ್ವೇ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಎರಡು ದಿನದ ಪಯಣ, ನಡುವೆ ಪಾಕ್‌ಬೆಂಗ್ ಎಂಬ ಪುಟ್ಟ ಊರಿನಲ್ಲಿ ರಾತ್ರಿ ತಂಗುವುದು. ‘ಹಳೆಯ ವ್ಯಾನುಗಳಿಂದ ಕಿತ್ತು ತಂದ ಸೀಟುಗಳು. ನೆಲಕ್ಕೆ ಬಿಗಿದಿರಲಿಲ್ಲ. ಮುಂದಿನವರು ಒರಗಿದಾಗಲೆಲ್ಲ ಸೀಟು ಜಾರಿ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಾನೂ ಹಿಂದಿನವರ ಮೊಣಕಾಲಿಗೆ ಬಡಿಯುವುದನ್ನು ಕಲಿತಿದ್ದೆ.’ ಒಂದು ಅಕ್ಷರವನ್ನೂ ತಿದ್ದಬೇಡಿ. ಇಡೀ ಲೇಖನದಲ್ಲಿ ನೀವು ನಗುತ್ತಿರುವುದು ಇಲ್ಲಿ ಮಾತ್ರ. ಆದರೆ ಮರುಕ್ಷಣವೇ ‘ಅನಾದಿಕಾಲದಿಂದ ಹೀಗೆಯೇ ತಡೆಯಿಲ್ಲದೆ ಹರಿಯುತ್ತಿರುವ ಮೆಕಾಂಗ್’ ಎಂದು ಹಾಡಲು ಶುರು ಮಾಡುತ್ತೀರಿ. ಲುವಾಂಗ್ ಪ್ರಬಾಂಗ್‌ನ ಕೆಳಭಾಗದಲ್ಲಿ ಸಾಯಬುರಿ ಅಣೆಕಟ್ಟು 2019ರಿಂದ ವಿದ್ಯುತ್ ಉತ್ಪಾದಿಸುತ್ತಿದೆ, ಬಹುಪಾಲು ಥಾಯ್ಲೆಂಡಿಗೆ ಮಾರಾಟವಾಗುತ್ತದೆ. ನೀವು ಸಾಗಿದ ದಾರಿಯಲ್ಲೇ, ಊರಿಗಿಂತ ಸ್ವಲ್ಪ ಮೇಲೆ, ಇನ್ನೊಂದು ಅಣೆಕಟ್ಟಿನ ಕೆಲಸ ನಡೆದಿದೆ. ಶರಾವತಿ, ಕಾಳಿಗಳಿಗೆ ಏನಾಯಿತೆಂದು ಬಲ್ಲ ಜಿಲ್ಲೆಯವರಿಗೆ ಅದು ಕಣ್ಣಿಗೆ ಬೀಳದೆ ಹೋದದ್ದು ಹೇಗೆ?

ಲಾವೋಸ್ ಬಗ್ಗೆ ಇನ್ನೊಂದು ತಪ್ಪು, ಇದನ್ನು ಕ್ಷಮಿಸುವುದು ಕಷ್ಟ. ‘ಯುದ್ಧದ ನೆರಳೂ ಬೀಳದ ಶಾಂತ ನಾಡು’ ಎಂದಿದ್ದೀರಿ. 1964ರಿಂದ 1973ರವರೆಗೆ ಅಮೆರಿಕ ಆ ಪುಟ್ಟ ದೇಶದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಯಿತು. ಅವುಗಳ ಹೊಟ್ಟೆಯಲ್ಲಿದ್ದ ಮರಿಬಾಂಬುಗಳೇ ಸುಮಾರು 27 ಕೋಟಿ ಎಂದು ಅಂದಾಜು. ಶೇ 30ರವರೆಗೆ ಸಿಡಿಯದೆ ಮಣ್ಣಿನಲ್ಲಿ ಉಳಿದವು, ಗದ್ದೆ ಅಗೆಯುವವರನ್ನು, ಆಡುವ ಮಕ್ಕಳನ್ನು ಇಂದಿಗೂ ಕೊಲ್ಲುತ್ತಿವೆ. ಗಮನಿಸಿ, ಲುವಾಂಗ್ ಪ್ರಬಾಂಗ್‌ನ ರಾತ್ರಿ ಸಂತೆಯಲ್ಲಿ ನೀವು ‘ಹಗುರವಾದ ಮುದ್ದಾದ ಲೋಹದ ಚಮಚ’ ಕೊಂಡಿದ್ದೀರಿ. ಸಿಯಾಂಗ್ ಖ್ವಾಂಗ್ ಪ್ರಾಂತ್ಯದ ಬಾನ್ ನಾಪಿಯಾ ಎಂಬ ಹಳ್ಳಿಯಲ್ಲಿ ಯುದ್ಧದ ಅಲ್ಯೂಮಿನಿಯಂ ಚೂರುಗಳನ್ನು ಕರಗಿಸಿ, ಅಚ್ಚಿಗೆ ಹೊಯ್ದು, ಚಮಚ ಮಾಡುತ್ತಾರೆ. ಆ ಸಂತೆಯಲ್ಲಿ ಬಾಂಬಿನ ಲೋಹದ ಚಮಚ, ಬಳೆಗಳನ್ನು ಹಾಗೆಂದೇ ಹೇಳಿ ಮಾರುತ್ತಾರೆ. ನೀವು ಕೊಂಡದ್ದೂ ಅದೇ ಇರಬಹುದು. ಮಾರುವವಳನ್ನು ಬೆಲೆಯ ಹೊರತು ಬೇರೇನಾದರೂ ಕೇಳಿದ್ದರೆ ಗೊತ್ತಾಗುತ್ತಿತ್ತು.

ವಿಯೆಟ್ನಾಂನ ಮೂರು ಪುಟ ಬೇಡ. ಹಾ ಲಾಂಗ್ ಕೊಲ್ಲಿ, ಹೋಯ್ ಆನ್‌ನ ಬಣ್ಣದ ಲಾಂದ್ರಗಳು, ಹನಾಯ್‌ನ ರೈಲು ಬೀದಿ, ಎಲ್ಲವನ್ನೂ ಮುಟ್ಟಿ ಓಡಿದ್ದೀರಿ. ಬಿಟ್ಟುಬಂದ ಕಚೇರಿಗೆ ಇನ್ನೂ ವಾರದ ವರದಿ ಸಲ್ಲಿಸುತ್ತಿರುವ ಹಾಗಿದೆ.

ಕಾಂಬೋಡಿಯಾದ ಅಂಕೋರ್ ವಾಟ್‌ನ ಭಾಗ ಓದಿ ನಿಜವಾಗಿಯೂ ಬೇಸರವಾಯಿತು. ಒಂದು ದಿನದ ಟಿಕೆಟ್ಟಿಗೆ 37 ಡಾಲರ್ ಕೊಟ್ಟು ಒಳಗೆ ಹೋದವರು ಒಂದೂವರೆ ಪುಟ ಸೂರ್ಯೋದಯ ಬರೆದಿದ್ದೀರಿ, ಮೂರು ಗೋಪುರಗಳ ಪ್ರತಿಬಿಂಬ ಕೊಳದಲ್ಲಿ ಬಿದ್ದದ್ದನ್ನು ಬರೆದಿದ್ದೀರಿ. ಆ ಚಿತ್ರ ಎಲ್ಲರ ಮೊಬೈಲಿನಲ್ಲೂ ಇದೆ. ‘ಬೌದ್ಧ ದೊರೆಗಳು ಕಟ್ಟಿಸಿದ’ ಎಂಬುದನ್ನಂತೂ ಮೊದಲು ಹೊಡೆದುಹಾಕಿ. ಹನ್ನೆರಡನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ ವಿಷ್ಣು ದೇವಾಲಯ ಅದು, ಬೌದ್ಧರ ಕೈಗೆ ಬಂದದ್ದು ಆಮೇಲೆ. ಪಶ್ಚಿಮದ ಪ್ರಾಕಾರದ ಉದ್ದನೆಯ ಗೋಡೆಯ ಮೇಲೆ ಕುರುಕ್ಷೇತ್ರವಿದೆ. ಕೌರವರ ದಂಡು ಒಂದು ಕಡೆಯಿಂದ, ಪಾಂಡವರ ದಂಡು ಇನ್ನೊಂದು ಕಡೆಯಿಂದ ಬಂದು ನಡುವೆ ಮುಗಿಬೀಳುತ್ತವೆ. ಬಾಣಗಳ ಮೇಲೆ ಮಲಗಿದ ಭೀಷ್ಮನೂ ಇದ್ದಾನೆ. ಲೇಖನದ ಜೊತೆಗಿಟ್ಟ ಪತ್ರದಲ್ಲಿ ನಿಮ್ಮನ್ನು ಪರಿಚಯಿಸಿಕೊಳ್ಳುತ್ತ ‘ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವಳು’ ಎಂದಿದ್ದೀರಿ. ಭೀಷ್ಮನ ಪಾತ್ರಧಾರಿಯ ಮಾತುಗಾರಿಕೆ ಕೇಳುತ್ತ ಬೆಳೆದ ಕಿವಿಗೆ, ಆ ಮೌನದ ಭೀಷ್ಮನ ಮುಂದೆ ನಿಂತಾಗ ಏನಾದರೂ ಕೇಳಿಸಿತೇ? ಬಹುಶಃ ನೀವು ಆ ಗೋಡೆಯವರೆಗೆ ಹೋಗಲೇ ಇಲ್ಲ. ಹಾಗಿದ್ದರೆ ಅದನ್ನೇ ಬರೆಯಿರಿ, ಓದುಗರು ಮುನಿಸಿಕೊಳ್ಳುವುದಿಲ್ಲ. ಸೂರ್ಯನನ್ನು ಕಾದು ಸುಸ್ತಾಗಿ, ಬಿಸಿಲೇರಿ, ಎಳನೀರು ಕುಡಿದು ಹೊರಟುಬಿಟ್ಟೆ ಎನ್ನುವುದೂ ಪ್ರವಾಸವೇ.

ಈಗ ಹನ್ನೊಂದನೇ ಪುಟದ ಒಂದು ಸಾಲಿಗೆ ಬರುತ್ತೇನೆ. ‘ಆಯಿ ಮಾತ್ರ ನೆಂಟರಿಗೆಲ್ಲ, ಕಂಪನಿಯವರೇ ಮಗಳನ್ನು ಫಾರಿನ್ನಿಗೆ ಕಳಿಸಿದ್ದಾರೆ ಎಂದು ಹೇಳಿಟ್ಟಿದ್ದರು.’ ಇದನ್ನು ಓದಿ ಜೋರಾಗಿ ನಕ್ಕೆ, ಆಮೇಲೆ ನಗು ನಿಂತಿತು. ಕೆಲಸ ಬಿಟ್ಟ ಮಗಳು ಒಬ್ಬಳೇ ಪರದೇಶದಲ್ಲಿದ್ದಾಳೆಂದು ಮದುವೆಮನೆಯಲ್ಲಿ ಹೇಳುವುದು ಹೇಗೆ? ಅವರು ಒಂದು ಸುಳ್ಳು ಹೇಳಿದರು, ನೀವು ದೂರದಲ್ಲಿ ಕುಳಿತು ಅದನ್ನು ಕಾಪಾಡಬೇಕಾಯಿತು. ಯಾವ ಊರಿನ ಚಿತ್ರವನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದಿರಿ, ಯಾವುದನ್ನು ತಡೆದಿರಿ? ದೋಣಿಯ ಚಿತ್ರ ನೋಡಿ ಸೋದರಮಾವ ‘ಆಫೀಸು ಎಲ್ಲಿದೆ?’ ಎಂದು ಕೇಳಲಿಲ್ಲವೇ? ಯುರೋಪಿನ ಹುಡುಗ ಎಷ್ಟೇ ದೇಶ ಸುತ್ತಿದರೂ ಬರೆಯಲಾರದ ಅಧ್ಯಾಯ ಇದು. ನೀವೋ, ಅರ್ಧ ಸಾಲಿನಲ್ಲಿ ಮುಗಿಸಿ ‘ನನ್ನನ್ನು ನಾನು ಕಂಡುಕೊಂಡೆ’ ಎಂಬಲ್ಲಿಗೆ ಓಡಿದ್ದೀರಿ. ಅಲ್ಲಿ ಯಾರನ್ನು ಕಂಡಿರಿ ಎಂಬುದಕ್ಕೆ ಲೇಖನದಲ್ಲಿ ಒಂದು ಗುರುತೂ ಇಲ್ಲ.

ಕೊನೆಯ ಪುಟದ ‘ನೀವೂ ಇಂದೇ ರಾಜೀನಾಮೆ ಕೊಡಿ’ ಎಂಬ ಕರೆಯನ್ನು ನಾವು ಅಚ್ಚು ಹಾಕುವುದಿಲ್ಲ. ಅದನ್ನು ನಂಬಿ ಯಾರಾದರೂ ರಾಜೀನಾಮೆ ಕೊಟ್ಟರೆ ಅವರ ಕಂತು ಕಟ್ಟುವವರು ನೀವೂ ಅಲ್ಲ, ನಾನೂ ಅಲ್ಲ. ಲೇಖನದ ಜೊತೆಗಿಟ್ಟ ಪತ್ರದಲ್ಲಿ ಇನ್ನೂ ಒಂದು ಸಂಗತಿ ಹೇಳಿದ್ದೀರಿ: ಮರಳಿದ ಮೇಲೆ ಕೆಲಸ ಹುಡುಕಲು ಕಷ್ಟವಾಯಿತು, ಸಿಕ್ಕಿದ ಕೆಲಸದ ಸಂಬಳ ಹಿಂದಿನದಕ್ಕಿಂತ ಕಡಿಮೆ, ಸಂದರ್ಶನದಲ್ಲಿ ‘ಈ ಅಂತರದಲ್ಲಿ ಏನು ಮಾಡಿದಿರಿ?’ ಎಂದು ಕೇಳಿದಾಗ ‘ಆನ್‌ಲೈನ್ ಕೋರ್ಸ್’ ಎಂದಿರಿ. ನನಗೆ ಗುಟ್ಟಾಗಿ ಹೇಳಿದ್ದನ್ನು ಓದುಗರಿಗೆ ಏಕೆ ಮುಚ್ಚಿಟ್ಟಿರಿ? ಹೋದದ್ದಕ್ಕೆ ನಿಮಗೆ ಪಶ್ಚಾತ್ತಾಪವಿಲ್ಲ ಎಂಬುದು ಪತ್ರದಿಂದ ಸ್ಪಷ್ಟ. ಸಂಬಳ ಕಡಿಮೆಯಾದದ್ದನ್ನು ಹೇಳಿದ ಮೇಲೆಯೂ ಪಶ್ಚಾತ್ತಾಪವಿಲ್ಲ ಎಂದರೆ ಆ ಮಾತಿಗೆ ತೂಕ ಬರುತ್ತದೆ.

ಮತ್ತೆ ಬರೆಯುವಾಗ ಎರಡು ಸಾವಿರ ಪದಗಳೊಳಗೆ ಇರಲಿ. ಗೋಕರ್ಣ, ಗಡಿಯ ಕೌಂಟರ್, ದೋಣಿ, ಆಯಿ, ಮರಳಿದ ಮೇಲಿನ ಸಂದರ್ಶನ, ಇಷ್ಟಕ್ಕೇ ಅದು ಸಾಕಾಗುತ್ತದೆ. ಕಾಂಬೋಡಿಯಾ ಉಳಿದರೆ ಹರಿದ ನೋಟಿನ ಜೊತೆ ಉಳಿಯಲಿ. ಊರುಗಳ ಹೆಸರನ್ನು ಅಲ್ಲಿಯವರು ಉಚ್ಚರಿಸುವುದಕ್ಕೆ ಆದಷ್ಟು ಹತ್ತಿರವಾಗಿ ಬರೆಯಿರಿ, ಒಂದೇ ಊರಿಗೆ ಪುಟಕ್ಕೊಂದು ಕಾಗುಣಿತ ಬೇಡ. ಚಿತ್ರ ಕಳುಹಿಸುವುದಾದರೆ ಲಾವೋಸ್‌ನ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಪುಟದ್ದೊಂದು ಬೇಕು, ಹೆಸರು, ಸಂಖ್ಯೆಗಳನ್ನು ಮುಚ್ಚಿ ತೆಗೆಯಿರಿ. ಸಂಭಾವನೆ ನಮ್ಮ ರೂಢಿಯಂತೆ ಪ್ರಕಟಣೆಯ ನಂತರ, ಅದನ್ನು ನಂಬಿ ಕೆಲಸ ಬಿಡಬೇಡಿ.

ಇನ್ನೊಂದು ವಿಷಯ. ಆಯಿಯ ಭಾಗವನ್ನು ನಮಗೆ ಕಳುಹಿಸುವ ಮೊದಲು ಅವರಿಗೇ ಓದಿ ಹೇಳಿ. ನೆಂಟರು ಈ ಪತ್ರಿಕೆ ಓದುತ್ತಾರೋ ಇಲ್ಲವೋ ಎಂಬುದನ್ನು ಅವರು ನಿಮಗಿಂತ ಚೆನ್ನಾಗಿ ಬಲ್ಲರು. ಬೇಡವೆಂದರೆ ಆ ಭಾಗವನ್ನು ತೆಗೆದು ಕಳುಹಿಸಿ. ಬೇಕೆಂದರೆ ಅವರು ಹೇಳಿದ ಮಾತುಗಳನ್ನು ಅವರದೇ ಕನ್ನಡದಲ್ಲಿ ಇಡಿ, ನಾನು ತಿದ್ದುವುದಿಲ್ಲ.

ವಿಶ್ವಾಸದಿಂದ,
ಸಂಪಾದಕ